ಭಾಗವ್ವನ ಹೆಪ್ಪಿನ ಡಬ್ಬಿ

ಹಾಲಿಗೆ ಹೆಪ್ಪು ಹಾಕುವವರನ್ನು ಎಲ್ಲರೂ ನೋಡಿದ್ದಾರೆ. ಮಣ್ಣಿಗೆ ಹೆಪ್ಪು ಹಾಕುವವಳನ್ನು ನಾನು ನೋಡಿದ್ದು ಮುಂಬಯಿಯ ಭಾಂಡುಪಿನಲ್ಲಿ, ನಮ್ಮ ಬಿಲ್ಡಿಂಗಿನ ಪಂಪ್ ರೂಮಿನ ಮುಂದೆ. ಅವಳ ಹೆಸರು ಭಾಗವ್ವ. ಕೈಯಲ್ಲಿ ಅಂಚು ತುಕ್ಕು ಹಿಡಿದ ಡಾಲ್ಡಾ ಡಬ್ಬಿ, ಡಬ್ಬಿಯೊಳಗೆ ಹಸಿ ಮಣ್ಣು, ಮೇಲೊಂದು ಒದ್ದೆ ಗೋಣಿಚೀಲದ ತುಂಡು. ಸಸಿ ನೆಡಲು ತೋಡಿದ ಪ್ರತಿ ಗುಂಡಿಗೂ ಆ ಡಬ್ಬಿಯಿಂದ ಒಂದು ಹಿಡಿ ಮಣ್ಣು ಹಾಕದೆ ಅವಳು ಮುಂದಿನ ಗುಂಡಿಗೆ ಹೋಗುತ್ತಿರಲಿಲ್ಲ.

"ಇದೇನು ಭಾಗವ್ವ?" ಎಂದು ಕೇಳಿದೆ, ಮೊದಲ ಸಲ ನೋಡಿದಾಗ.

"ಹೆಪ್ಪ ರೀ ಬಾಯಾರ."

"ಎಲ್ಲಿಂದ ತಂದಿ?"

"ಕಲ್ಲಿನ ಕ್ವಾರಿ ಹಿಂದ ಹಳೇ ಹೊಂಗಿ ಗಿಡ ಐತಲ್ರಿ, ಅದರ ಬುಡದಿಂದ. ಒಣಗಿಸಬಾರದ್ರಿ, ಒಣಗಿದರ ಸತ್ತ ಹೋಗತೈತಿ."

"ಏನು ಸಾಯ್ತದ?"

"ಅದ ರೀ."

"ಅದು ಅಂದರ ಯಾವುದು?"

"ಅದ ನೋಡ್ರಿ, ಮಣ್ಣಾಗ ಇರೋದು," ಎಂದು ನನ್ನ ದಡ್ಡತನಕ್ಕೆ ಮರುಗುವವಳಂತೆ ನೋಡಿ, ಡಬ್ಬಿಗೆ ಗೋಣಿ ಮುಚ್ಚಿದಳು. ಮಣ್ಣಿನಲ್ಲಿ ಏನೋ ಇರುತ್ತದೆ ಎಂಬ ಮಾತೇ ನನಗೆ ಸಾಕಾಗಿತ್ತು. ಮನೆಗೆ ಹೋಗಿ ಅಕ್ಕುವಿನ ಕೈಯನ್ನು ಎರಡು ಸಲ ಸೋಪು ಹಚ್ಚಿ ತೊಳೆದೆ.

ಅಕ್ಕು ನನ್ನ ಮಗಳು. ನಾವು ಭಾಂಡುಪಿಗೆ ಬಂದ ೧೯೭೦ರಲ್ಲಿ ಅವಳಿಗೆ ಎರಡು ವರ್ಷ. ನಮ್ಮ ಹಿರಿಯರು ಧಾರವಾಡದವರಾದರೂ ನಾನು ಓದಿದ್ದೆಲ್ಲ ಮುಂಬಯಿಯಲ್ಲೇ, ಇಂಟರ್ ಸೈನ್ಸ್ ತನಕ. ಸೈನ್ಸ್ ಓದಿದ ತಾಯಿಗೆ ಹೆದರಲು ಕಾರಣಗಳು ಹೆಚ್ಚು. ನೀರು ಇಪ್ಪತ್ತು ನಿಮಿಷ ಕುದಿಯಬೇಕು. ಹಾಲು ಮೂರು ಸಲ ಉಕ್ಕಬೇಕು. ಮಗು ಸೀನಿದರೆ ಥರ್ಮಾಮೀಟರ್. ಭಾಗವ್ವ ಇದನ್ನೆಲ್ಲ ಒಂದು ವಾರ ಸುಮ್ಮನೆ ನೋಡಿದಳು. ಎಂಟನೆಯ ದಿನ ಕೇಳಿದಳು: "ಕೂಸಿಗೆ ನೀರ ಕಾಸಿ ಕೊಡ್ತೀರಿ, ಹಾಲ ಕಾಸಿ ಕೊಡ್ತೀರಿ. ಗಾಳೀನೂ ಕಾಸಿ ಕೊಡ್ತೀರೇನ್ರಿ ತಂಗೀ?"

ಸಿಟ್ಟು ಬರಬೇಕಾಗಿತ್ತು, ನಗು ಬಂತು. ಅವಳು ನನ್ನನ್ನು ಕರೆಯುವುದರಲ್ಲೇ ಅವಳ ಮನಸ್ಸು ತಿಳಿಯುತ್ತಿತ್ತು. ಕೆಲಸದ ಮಾತಿದ್ದರೆ 'ಬಾಯಾರ'. ಚೇಷ್ಟೆ ಮಾಡುವಾಗ 'ತಂಗಿ'.

ಭಾಗವ್ವ ಬಿಜಾಪುರದ ಕಡೆಯವಳು. ಗಂಡ ಸಾಯಬಣ್ಣನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ಗುಡ್ಡ ಕಡಿದು ಎಬ್ಬಿಸಿದ ನಮ್ಮ ಬಿಲ್ಡಿಂಗಿಗೆ ಎರಡು ವರ್ಷ ಇಟ್ಟಿಗೆ ಹೊತ್ತವಳು. ಹಾಗಾಗಿ ನಮ್ಮ ಮನೆಯ ವಿಷಯ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. "ನಿಮ್ಮ ಒಲಿ ಹಿಂದಿನ ಗ್ವಾಡಿ ಒಂಚೂರು ಸೊಟ್ಟ ಐತ್ರಿ. ಗೌಂಡಿ ಅವತ್ತ ಮುಕಾದಮನ ಕೂಡ ಜಗಳಾಡಿದ್ದ," ಎಂದು ಒಂದು ದಿನ ಹೇಳಿ ಹೋದಳು. ನಾನು ದಾರಕ್ಕೆ ಬೀಗ ಕಟ್ಟಿ ಗೋಡೆಗೆ ಇಳಿಬಿಟ್ಟು ನೋಡಿದೆ. ಸೊಟ್ಟವೇ ಇತ್ತು. ಆಮೇಲೆ ಆ ಗೋಡೆಯ ಕಡೆ ಅಕ್ಕುವನ್ನು ಕೂರಿಸಲಿಲ್ಲ.

ಬಿಲ್ಡಿಂಗ್ ಮುಗಿದು ಕಂತ್ರಾಟುದಾರ ಕಲ್ಯಾಣ್ ಕಡೆಯ ಹೊಸ ಕೆಲಸಕ್ಕೆ ಹೋದ. ಸಾಯಬಣ್ಣನೂ "ಜಾಗಾ ನೋಡಿ ಬರ್ತೀನಿ" ಎಂದು ಹೋದ. ಇನ್ನೂ ನೋಡುತ್ತಿದ್ದಾನೆ. "ಅಂವಗ ಎಲ್ಲೂ ಹೆಪ್ಪ ಹತ್ತಂಗಿಲ್ರಿ," ಎಂದು ಭಾಗವ್ವ ಅವನ ಸುದ್ದಿಯನ್ನು ಅಷ್ಟಕ್ಕೇ ಮುಗಿಸುತ್ತಿದ್ದಳು. "ನನಗ ಇಲ್ಲೇ ಹತ್ತಿ ಬಿಟ್ಟತಿ."

ಹತ್ತಿದ್ದು ಅವಳಿಗೆ ಮಾತ್ರ. ಬಿಲ್ಡಿಂಗಿನ ಸುತ್ತ ಹುಲ್ಲು ಸಹ ಹತ್ತಿರಲಿಲ್ಲ. ಮೇಲ್ಮಣ್ಣೆಲ್ಲ ಲಾರಿಯಲ್ಲಿ ಹೋಗಿ, ಉಳಿದದ್ದು ಕೆಂಪು ಗರಸು ಮತ್ತು ಗಟ್ಟಿಯಾದ ಸಿಮೆಂಟಿನ ಹೆಂಟೆಗಳು. ಸೊಸೈಟಿಯ ಕಮಿಟಿ ಅವಳಿಗೆ ಒಂದು ಮಾತು ಕೊಟ್ಟಿತ್ತು: ಈ ಜಾಗದಲ್ಲಿ ಗಿಡ ಎಬ್ಬಿಸಿ ಎರಡು ಮಳೆಗಾಲ ಉಳಿಸಿ ತೋರಿಸಿದರೆ ಅವಳು ತೋಟ ನೋಡುವ ಕಾಯಂ ಮಾಳಿ, ಪಂಪ್ ರೂಮು ಅವಳ ಮನೆ. ಗಿಡ ಹೋದರೆ ಪಂಪ್ ರೂಮಿನ ಕೀಲಿಯೂ ಹೋಗುತ್ತದೆ. ಭಾಗವ್ವ ಆ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬಿಲ್ಡಿಂಗಿನ ಹಿಂದೆ ನಲವತ್ತು ಹೊಂಗೆ ಸಸಿ ನೆಟ್ಟಳು. ಒಂದೊಂದಕ್ಕೂ ಒಂದೊಂದು ಹಿಡಿ ಹೆಪ್ಪು.

ಹೆಪ್ಪಿನ ವಿದ್ಯೆ ಅವಳ ಅತ್ತೆಯದು. ಊರಲ್ಲಿ ಬೀಳುಬಿದ್ದ ಹೊಲದಲ್ಲಿ ಹೊಸದಾಗಿ ತೊಗರಿ ಬಿತ್ತುವಾಗ, ಹಿಂದಿನ ವರ್ಷ ತೊಗರಿ ಬೆಳೆದ ಹೊಲದಿಂದ ಒಂದು ಬುಟ್ಟಿ ಮಣ್ಣು ತಂದು ಚೆಲ್ಲುತ್ತಿದ್ದರಂತೆ. "ತೊಗರಿಗೆ ನಡೀತದ, ಹೊಂಗೆಗೂ ನಡೀತದ ಅಂತ ನಿನಗ ಯಾರು ಹೇಳಿದರು?" ಎಂದು ಕೇಳಿದ್ದೆ. "ಎರಡರ ಕಾಳೂ ಕಾಯಿ ಸಿಪ್ಪಿಯೊಳಗ ಇರತಾವಲ್ರಿ. ಒಂದ ಬಳಗ," ಎಂದಳು. ಇಂಟರ್ ಸೈನ್ಸಿನಲ್ಲಿ ನನಗೆ ಆ ಮಾತು ತಿಳಿಯಲು ಒಂದು ಟರ್ಮ್ ಹಿಡಿದಿತ್ತು.

ಇನ್ನು ನಮ್ಮ ಸೆಕ್ರೆಟರಿ ನೀಲಕಂಠಪ್ಪನವರು. ಬೆಳಗಾವಿಯವರು, ಫೋರ್ಟಿನ ಒಂದು ಆಫೀಸಿನಲ್ಲಿ ಹೆಡ್ ಕ್ಲರ್ಕ್. ನೋಟಿಸ್ ಬರೆಯುವಾಗ ಅವರಿಗೆ ಸಿಗುತ್ತಿದ್ದ ಸುಖ ಹೋಳಿಗೆ ಊಟದಲ್ಲೂ ಸಿಗುತ್ತಿರಲಿಲ್ಲ. ಮೆಟ್ಟಿಲ ಕಂಬಿ ಹಿಡಿದರೆ ಕೈ ಒರೆಸಿಕೊಳ್ಳುವಷ್ಟು ಶುಚಿತ್ವದ ಮನುಷ್ಯ. ಈ ಒಂದು ವಿಷಯದಲ್ಲಿ ನನಗೂ ಅವರಿಗೂ ಬಹಳ ಹೊಂದುತ್ತಿತ್ತು. "ಬಿಲ್ಡಿಂಗನ್ಯಾಗ ಹೈಜೀನ್ ತಿಳದಾಕಿ ನೀವೊಬ್ಬಾಕಿ ನೋಡ್ರಿ," ಎಂದು ಅವರು ಹೊಗಳಿದಾಗ ನಾನು ಉಬ್ಬುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆ ವರ್ಷದ ವನಮಹೋತ್ಸವಕ್ಕೆ ಗೇಟಿನ ಪಕ್ಕ ಹನ್ನೆರಡು ಹೊಂಗೆ ನೆಡುವುದೆಂದು ಕಮಿಟಿ ಗೊತ್ತು ಮಾಡಿತು. ಸಸಿಗಳನ್ನು ನೀಲಕಂಠಪ್ಪನವರೇ ತಮ್ಮ ಗ್ಯಾಲರಿಯಲ್ಲಿ, ಏಳು ನೀರಿನಲ್ಲಿ ತೊಳೆದ ಮರಳಿನಲ್ಲಿ ಎಬ್ಬಿಸಿದ್ದರು. ಅತಿಥಿಗಳು ಬಂದರು, ಭಾಷಣವಾಯಿತು. ಭಾಗವ್ವ ಡಬ್ಬಿ ಹಿಡಿದು ಮುಂದೆ ಬಂದಳು.

"ಏ ಭಾಗವ್ವ, ಗೆಸ್ಟ್ ಮುಂದ ಆ ಹೊಲಸ ಡಬ್ಬಿ ತರಬ್ಯಾಡ," ಎಂದು ನೀಲಕಂಠಪ್ಪ ಹಲ್ಲು ಕಚ್ಚಿ ಹೇಳಿದರು.

"ಆತ್ರಿ ಸಾಹೇಬ್ರ," ಎಂದು ಅವಳು ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು. "ಹೆಪ್ಪ ಹಾಕದ ಹಾಲ ಮುಚ್ಚಿಟ್ಟಂಗಾತು. ನೋಡೂಣಂತ."

ಒಂದು ವರ್ಷದಲ್ಲಿ ನೋಡಿದೆವು. ಹಿಂದಿನ ನಲವತ್ತು ನನ್ನ ಭುಜ ಮುಟ್ಟುವಂತೆ, ಕಡುಹಸಿರಾಗಿ ಎದ್ದವು. ಗೇಟಿನ ಹನ್ನೆರಡು ಮೊಣಕಾಲಿಗೆ ನಿಂತು ಹಳದಿಯಾದವು. ನೀಲಕಂಠಪ್ಪ ಮೊದಲು ಬಿಸಿಲನ್ನು ಬೈದರು, ಆಮೇಲೆ ಆಡುಗಳನ್ನು, ಆಮೇಲೆ ಕಾರ್ಖಾನೆಗಳ ಹೊಗೆಯನ್ನು. ಅದೇ ಬಿಸಿಲು, ಅದೇ ಹೊಗೆ ಹಿಂದೆಯೂ ಇತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಭಾಗವ್ವ ಮಾತ್ರ ದಿನಾ ಗೇಟಿನ ಗಿಡಗಳಿಗೆ ನೀರು ಹಾಕುವಾಗ ಅವರಿಗೆ ಕೇಳುವಂತೆ, "ಪಾಪ, ದೊಡ್ಡ ಮಂದಿ ಕೈಯಾಗಿನ ಕೂಸುಗಳು," ಎನ್ನುತ್ತಿದ್ದಳು.

ಇಂಥ ಹೊತ್ತಿನಲ್ಲಿ, ೧೯೭೧ರ ಸೆಪ್ಟೆಂಬರಿನಲ್ಲಿ, ನಾನು ನನ್ನ ವಿದ್ಯೆ ತೋರಿಸಿದೆ.

ನೀರಿನ ಪೈಪಿಗೆ ಅಡ್ಡ ಬಂದ ಒಂದು ಗಿಡವನ್ನು ಭಾಗವ್ವ ಮಣ್ಣಿನ ಮುದ್ದೆ ಸಮೇತ ಎತ್ತಿ ಬೇರೆ ಕಡೆ ನೆಡುತ್ತಿದ್ದಳು. ಅಕ್ಕು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಕುದಿಸಿ ಆರಿಸಿದ ನೀರಿನ ಬಾಟಲಿ ಹಿಡಿದು ಇಳಿದು ಬಂದು ನೋಡಿದರೆ, ಮಣ್ಣು ಉದುರಿದ ಕಡೆ ಬೇರಿನ ತುಂಬ ಗಂಟುಗಳು! ಜೋಳದ ಕಾಳಿನಷ್ಟು ಕೆಲವು, ಸಾಬೂದಾಣಿಯಷ್ಟು ಕೆಲವು. ಒಂದು ಅಕ್ಕುವಿನ ಹಲ್ಲುಗಳ ನಡುವೆ.

"ಉಗುಳು! ಉಗುಳು!" ಎಂದು ನಾನು ಕಿರುಚಿದ್ದು ನಾಲ್ಕನೇ ಮಹಡಿಗೆ ಕೇಳಿತಂತೆ.

"ಏನಾತೀಗ? ಹೊಂಗಿ ಬೇರಿನ ಕಾಳ ಅದು," ಎಂದಳು ಭಾಗವ್ವ. "ಕಹಿ ಇದ್ದರ ಆಕೀನ ಉಗಳತಾಳ."

ನಾನು ಅಕ್ಕುವನ್ನು ಎತ್ತಿಕೊಂಡು ಸ್ಟೇಷನ್ ಹತ್ತಿರದ ಡಾಕ್ಟರ ಬಳಿ ಓಡಿದೆ. ಅವರು ಅಕ್ಕುವಿನ ನಾಲಿಗೆ ನೋಡಿ, ಕೆನ್ನೆ ತಟ್ಟಿ, ಆಮೇಲೆ ನನ್ನ ನಾಡಿ ಹಿಡಿದು ನೋಡಿದರು. ನನಗೇ ಒಂದು ಗುಳಿಗೆ ಕೊಟ್ಟು ಕಳಿಸಿದರು.

ತಿರುಗಿ ಬರುವಾಗ ಮೆಟ್ಟಿಲ ಮೇಲೆ ನೀಲಕಂಠಪ್ಪ ಸಿಕ್ಕರು. ನನ್ನ ಹೆದರಿಕೆ ಇನ್ನೂ ಇಳಿದಿರಲಿಲ್ಲ. ಇಂಟರ್ ಬಾಟನಿಯಲ್ಲಿ ಬರೆದ ಟೊಮ್ಯಾಟೊ ಬೇರಿನ ಚಿತ್ರ ಕಣ್ಣ ಮುಂದಿತ್ತು: ಬೇರಿನ ತುಂಬ ಗಂಟು, ಗಂಟಿನ ಒಳಗೆ ಕಣ್ಣಿಗೆ ಕಾಣದ ಹುಳು. "ಹಿಂದಿನ ಗಿಡಗಳ ಬೇರಿಗೆ ಗಂಟುರೋಗ ಬಂದದ," ಎಂದುಬಿಟ್ಟೆ. "ಮಣ್ಣಿನಿಂದ ಹರಡೋ ರೋಗ ಅದು."

ನೀಲಕಂಠಪ್ಪನವರ ಮುಖ ಅರಳಿದ್ದನ್ನು ನಾನು ಆಗ ಸಹಾನುಭೂತಿ ಎಂದುಕೊಂಡೆ. "ಮಣ್ಣಿನಿಂದ ಹರಡತೈತಿ?" ಎಂದರು. "ಅಂದ್ರ ಆಕಿ ಡಬ್ಬಿಯಿಂದ! ಬರಾಬರ್! ಹಿಂದಿನಿಂದ ಮುಂದ ಬಂದೈತಿ, ಅದಕ್ಕ ನಮ್ಮ ಹನ್ನೆರಡು ಹಳದಿ ಆಗ್ಯಾವ!"

ಮರುದಿನ ಬೋರ್ಡಿನ ಮೇಲೆ ನೋಟಿಸ್ ಬಿತ್ತು. 'ಇಂಟರ್ ಸೈನ್ಸ್ ಪಾಸಾದ ಸದಸ್ಯೆಯೊಬ್ಬರು ಖಚಿತಪಡಿಸಿರುವಂತೆ' ಹಿಂದಿನ ನಲವತ್ತು ಗಿಡಗಳಿಗೆ ರೋಗ ತಗುಲಿದೆ. ರವಿವಾರ ಹತ್ತು ಗಂಟೆಗೆ ಅವುಗಳನ್ನು ಕಿತ್ತು ಸುಡಲಾಗುವುದು. ಪಂಪ್ ರೂಮಿನ ಕೀಲಿಯನ್ನು ಅಂದೇ ಕಮಿಟಿಗೆ ಒಪ್ಪಿಸತಕ್ಕದ್ದು. ನಾನು ರೋಗ ಎಂದಿದ್ದೆ; ಕೀಲಿ ಎಂದಿರಲಿಲ್ಲ.

ಭಾಗವ್ವನಿಗೆ ಓದಲು ಬರುವುದಿಲ್ಲ. ಯಾರೋ ಓದಿ ಹೇಳಿದ್ದರು. ನನ್ನನ್ನು ಕಂಡಾಗ ಜಗಳಕ್ಕೆ ಬರಲಿಲ್ಲ. "ಬಾಯಾರ, ಟಾಕಿ ನೀರ ಎಂಟಕ್ಕ ಬಿಡ್ತೀನ್ರಿ," ಎಂದು ಹೇಳಿ ಹೋದಳು. ಎರಡು ದಿನ ಹಾಗೇ. ಬಾಯಾರ, ನೀರು ಬಂತು. ಬಾಯಾರ, ನೀರು ಹೋತು. ಅಕ್ಕುವಿಗೆ ನಾನು ಬಿಸಿಲಲ್ಲಿ ಉಣ್ಣೆಯ ಟೊಪ್ಪಿಗೆ ಹಾಕಿ ಕರೆದುಕೊಂಡು ಹೋದರೂ ಅವಳು ಏನೂ ಅನ್ನಲಿಲ್ಲ. 'ತಂಗಿ' ಎಂದು ಚೇಷ್ಟೆ ಮಾಡಲಿ ಎಂದೇ ಹಾಕಿದ್ದೆ.

ಶುಕ್ರವಾರ ಮಧ್ಯಾಹ್ನ ಅಕ್ಕು ಮಲಗಿದ ಮೇಲೆ ಟ್ರಂಕಿನಿಂದ ನನ್ನ ಬಾಟನಿ ಪುಸ್ತಕ ತೆಗೆದೆ. ಟೊಮ್ಯಾಟೊ ಬೇರಿನ ಚಿತ್ರ ಸಿಕ್ಕಿತು. ರೋಗದ ಗಂಟೆಂದರೆ ಸ್ವತಃ ಬೇರೇ ಉಬ್ಬಿದ್ದು, ಅದನ್ನು ಬೇರಿನಿಂದ ಬಿಡಿಸಲು ಬರುವುದಿಲ್ಲ ಎಂದು ಬರೆದಿತ್ತು. ಅಕ್ಕುವಿನ ಹಲ್ಲಿನಲ್ಲಿದ್ದದ್ದು ಒಂಟಿ ಕಾಳು, ಬಿಡಿಸಿಕೊಂಡು ಬಂದಿತ್ತು. ಪುಟ ತಿರುವುತ್ತ ಹೋದೆ. ಮುಂದೊಂದು ಪಾಠ, ಅದರಲ್ಲಿ ನನ್ನ ಪೆನ್ಸಿಲಿನ ಒಂದು ಗುರುತೂ ಇಲ್ಲ. ಆ ಪಾಠ ನಡೆದ ವಾರ ಮಳೆ ಜೋರಾಗಿದೆ ಎಂದು ಅವ್ವ ನನ್ನನ್ನು ಕಾಲೇಜಿಗೆ ಕಳಿಸಿರಲಿಲ್ಲ. ನಾನು ಯಾರ ಮಗಳು ಎಂಬುದು ಇದರಿಂದ ತಿಳಿಯುತ್ತದೆ.

ಆ ಪಾಠದಲ್ಲಿ ಇತ್ತು, ತೊಗರಿ, ಶೇಂಗಾ, ಹೊಂಗೆ ಜಾತಿಯ ಎಷ್ಟೋ ಗಿಡಗಳ ಬೇರಿನಲ್ಲಿ ಗಂಟು ಕಟ್ಟುವ ಸೂಕ್ಷ್ಮಜೀವಿಗಳ ಕಥೆ. ಅವು ಮಣ್ಣಿನಿಂದ ಬೇರಿನೊಳಗೆ ಸೇರುತ್ತವೆ. ಗಿಡ ಅವಕ್ಕೆ ಮನೆ ಕಟ್ಟಿಕೊಟ್ಟು ಸಕ್ಕರೆ ಉಣಿಸುತ್ತದೆ. ಅವು ಗಾಳಿಯಲ್ಲಿರುವ, ಗಿಡ ತಾನಾಗಿ ತಿನ್ನಲಾರದ ಸಾರಜನಕವನ್ನು ಹಿಡಿದು ಗೊಬ್ಬರವಾಗಿ ಗಿಡಕ್ಕೆ ಉಣಿಸುತ್ತವೆ. ಗಂಟು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಒಳಗೆ ಕೆಂಪಗಿರುತ್ತದೆ. ಆ ಜೀವಿಗಳೇ ಇಲ್ಲದ ಬರಡು ಮಣ್ಣಿನಲ್ಲಿ ನೆಟ್ಟರೆ ಗಂಟು ಕಟ್ಟುವುದಿಲ್ಲ, ಗಿಡ ಹಳದಿಯಾಗುತ್ತದೆ. ಹಳೆಯ ಹೊಲದ ಮಣ್ಣನ್ನು ತಂದು ಸೇರಿಸುವ ಪದ್ಧತಿಯಿದೆ ಎಂದು ಕೊನೆಯ ಸಾಲಿನಲ್ಲಿ ಬರೆದಿತ್ತು.

ಪುಸ್ತಕ ಹಿಡಿದು, ಮಲಗಿದ ಅಕ್ಕುವನ್ನು ಹೆಗಲಿಗೆ ಹಾಕಿಕೊಂಡು ಪಂಪ್ ರೂಮಿಗೆ ಇಳಿದೆ. ಭಾಗವ್ವ ಎರಡು ಸೀರೆ, ಒಂದು ಬೋಗುಣಿ, ಒಂದು ಕಂಬಳಿ ಗಂಟು ಕಟ್ಟುತ್ತಿದ್ದಳು. ಡಬ್ಬಿ ಗಂಟಿನ ಪಕ್ಕದಲ್ಲಿ ಒದ್ದೆ ಗೋಣಿಯ ಕೆಳಗಿತ್ತು.

"ಭಾಗವ್ವ, ಅದು ರೋಗ ಅಲ್ಲ. ಗಂಟಿನೊಳಗ ಕ್ರಿಮಿ ಇರ್ತಾವ, ಆದರ..."

"ಕ್ರಿಮಿ ಅಂದ್ರ ಹುಳ ಏನ್ರಿ?" ಭಾಗವ್ವ ಎದ್ದು ನಿಂತಳು. "ನನ್ನ ಗಿಡದಾಗ ಹುಳ ಇಲ್ರಿ ಬಾಯಾರ! ರೋಗ ಅಂದ್ರಿ, ಸುಮ್ಮನಿದ್ದೆ. ಈಗ ಹುಳಾನೂ ಬಿಡ್ತೀರಿ?"

"ಹುಳ ಅಲ್ಲ. ಹುಳಕ್ಕಿಂತ ಭಾಳ ಸಣ್ಣದು. ಕಣ್ಣಿಗೆ ಕಾಣೂದಿಲ್ಲ. ಹಾಲಿನ್ಯಾಗ ಹೆಪ್ಪು ಹಾಕಿದರ ಮೊಸರ ಮಾಡ್ತಾವಲ್ಲ, ಅಂಥಾವು. ಗಾಳಿ ಹಿಡದು ಗಿಡಕ್ಕ ಗೊಬ್ಬರ ಮಾಡಿ ಕೊಡ್ತಾವ."

ಭಾಗವ್ವ ನನ್ನನ್ನೇ ನೋಡಿದಳು. ಪುಸ್ತಕವನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. "ಇದನ್ನ ಹೇಳಾಕ ಇಷ್ಟ ದಪ್ಪನ ಪುಸ್ತಕ ಬೇಕಾತ? ನಾ ಹೋದ ವರ್ಷನ ಅಂದಿದ್ದೆ, ಹೆಪ್ಪ ಅಂತ."

"ರವಿವಾರ ನಾನು ಎಲ್ಲರ ಮುಂದ ಹೇಳ್ತೀನಿ. ತಪ್ಪು ನಂದು."

"ನೀವ ಹೇಳಿದರ ಸಾಹೇಬ್ರು ಕೇಳತಾರೇನ್ರಿ? ಆತ, ನೋಡೂಣಂತ," ಎಂದಳು. ಗಂಟನ್ನು ಮಾತ್ರ ಬಿಚ್ಚಲಿಲ್ಲ.

ರವಿವಾರ ಹತ್ತಕ್ಕೆ ಎಲ್ಲರೂ ಹಿಂದೆ ಸೇರಿದರು. ಪಿಕಾಸಿ, ಸಲಿಕೆ, ಸೀಮೆಎಣ್ಣೆ ಎಲ್ಲ ತಯಾರು. ಕಮಿಟಿಯ ಅಧ್ಯಕ್ಷರು ಚನ್ನಬಸಯ್ಯನವರು, ನಿವೃತ್ತ ಶಾಲಾ ಮಾಸ್ತರರು, ಕುರ್ಚಿ ತರಿಸಿಕೊಂಡು ಕೂತಿದ್ದರು. ಭಾಗವ್ವ ಸೆರಗಿನ ಕೀಲಿ ಬಿಚ್ಚಿ ಮುಷ್ಟಿಯಲ್ಲಿ ಹಿಡಿದಿದ್ದಳು. ಅಷ್ಟು ಮಂದಿಯ ಮುಂದೆ ನಾನು ಹಾಡಿದ್ದೂ ಇಲ್ಲ, ಮಾತಾಡಿದ್ದೂ ಇಲ್ಲ.

"ನಾನು ತಪ್ಪು ಹೇಳಿದೆ," ಎಂದೆ. "ಅದು ರೋಗ ಅಲ್ಲ."

"ಈಗ ಹೆಂಗ ಅಲ್ಲ ಆಗತೈತ್ರಿ?" ನೀಲಕಂಠಪ್ಪ ನಕ್ಕರು. "ನೋಟಿಸ್ ಬಿದ್ದೈತಿ. ರೋಗ ಹಬ್ಬಿ ನಮ್ಮ ಗೇಟಿನ ಹನ್ನೆರಡೂ ಹಾಳಾಗ್ಯಾವ."

"ಹಬ್ಬಿದ್ದರ ಗೇಟಿನ ಗಿಡದ ಬೇರಿಗೂ ಗಂಟು ಇರಬೇಕಲ್ಲ? ಮೊದಲು ಅಲ್ಲೇ ಒಂದು ಅಗದು ನೋಡೋಣ."

ಚನ್ನಬಸಯ್ಯನವರಿಗೆ ಲೆಕ್ಕ ಸರಿ ಕಂಡಿತು. ಕುರ್ಚಿ ಗೇಟಿಗೆ ಬಂತು. ನೀಲಕಂಠಪ್ಪನವರೇ ನೆಟ್ಟ ಗಿಡದ ಬುಡವನ್ನು ಭಾಗವ್ವ ಒಂದು ಪಕ್ಕದಿಂದ ಮೆಲ್ಲಗೆ ಬಿಡಿಸಿದಳು, ಬೇರಿಗೆ ನೋವಾಗದಂತೆ. ವೈರಿಯ ಕೂಸಾದರೂ ಕೂಸೇ. ಬೇರು ಹೊರಗೆ ಬಂತು: ಸಪೂರ, ನುಣುಪು, ಒಂದೇ ಒಂದು ಗಂಟಿಲ್ಲ.

"ನೋಡ್ರಿ! ಎಷ್ಟು ಕ್ಲೀನ್!" ನೀಲಕಂಠಪ್ಪ ಎದೆಯುಬ್ಬಿಸಿದರು. "ಏಕದಮ್ ಕ್ಲೀನ್! ಒಂದ ಗಂಟಿಲ್ಲ..."

ಆ ಮಾತು ಅಲ್ಲೇ ನಿಂತಿತು. ತಾವು ಏನು ಹೇಳಿದೆವೆಂದು ಅವರಿಗೆ ತಿಳಿಯುವ ಮೊದಲೇ ಉಳಿದವರಿಗೆ ತಿಳಿದಿತ್ತು. ಚನ್ನಬಸಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. "ಕ್ಲೀನ ಇದ್ದದ್ದು ಹಳದಿ ಆಗೇತಿ. ಗಂಟು ಇದ್ದದ್ದು ಹಸರ ಐತಿ. ಹಂಗಾದರ ರೋಗ ಯಾವದಕ್ಕ ಬಂದೈತಿ ನೀಲಕಂಠಪ್ಪ?"

ಭಾಗವ್ವ ಯಾರ ಅಪ್ಪಣೆಗೂ ಕಾಯದೆ ಹಿಂದೆ ಹೋಗಿ ತನ್ನ ಗಿಡದ ಒಂದು ಎಳೆ ಬೇರು ತಂದಳು. ಹೆಬ್ಬೆರಳಿನಿಂದ ಸವರಿದರೆ ಗಂಟು ಮಣಿಯಂತೆ ಉದುರಿ ಅಂಗೈಗೆ ಬಿತ್ತು. ಉಗುರಿನಿಂದ ಸೀಳಿ ಚನ್ನಬಸಯ್ಯನವರ ಮೂಗಿನ ಹತ್ತಿರ ಹಿಡಿದಳು. ಒಳಗೆ ತಿಳಿಗೆಂಪು.

"ಮೈತುಂಬ ರಗತ ಐತ್ರಿ ಮಾಸ್ತರ್ರ. ಜಡ್ಡಿನ ಮೈಗೆ ಇಷ್ಟು ಕಳೆ ಇರತೈತೇನ್ರಿ?"

ನಾನು ಪುಸ್ತಕ ತೆರೆದು ಆ ಪುಟ ತೋರಿಸಿದೆ. ಮಾಸ್ತರರು ಅದನ್ನು ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು. ಹಳೆಯ ಹೊಲದ ಮಣ್ಣಿನ ಸಾಲನ್ನು ಎರಡು ಸಲ ಓದಿದರು. ಸೀಮೆಎಣ್ಣೆ ಯಾರ ಮನೆಯದೋ ಅವರು ಸದ್ದಿಲ್ಲದೆ ಎತ್ತಿಕೊಂಡು ಹೋದರು. ಎರಡನೇ ಮಳೆಗಾಲ ಮುಗಿಯಲು ಇನ್ನು ಹದಿನೈದು ದಿನವಿದ್ದರೂ ಕಾಯುವುದು ಬೇಡ, ಭಾಗವ್ವ ಇವತ್ತಿನಿಂದಲೇ ಕಾಯಂ ಮಾಳಿ ಎಂದು ಚನ್ನಬಸಯ್ಯ ಕುರ್ಚಿಯಿಂದ ಏಳದೆಯೇ ಹೇಳಿದರು. ಭಾಗವ್ವ ಕೀಲಿಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡಳು. ಎರಡು ಗಂಟು.

"ಆದರ ಗೇಟಿನ ಗಿಡ?" ನೀಲಕಂಠಪ್ಪನವರ ದನಿ ಮೊದಲ ಸಲ ನೋಟಿಸಿನಂತಿರಲಿಲ್ಲ.

"ಹೆಪ್ಪ ಹಾಕಿದರ ಈಗಲೂ ಹತ್ತತಾವ್ರಿ. ಆದರ ನಾ ಹಾಕಂಗಿಲ್ಲ," ಎಂದಳು ಭಾಗವ್ವ. "ನೆಟ್ಟವರ ಕೈಲೇ ಆಗಬೇಕು. ಡಬ್ಬಿ ಕೊಡ್ತೀನಿ, ಬರ್ರಿ."

ಕೈಯಿಂದಲೇ ಹಾಕಬೇಕೆಂಬ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ನಾನು ಬಾಯಿ ಬಿಡಲಿಲ್ಲ. ಸೆಕ್ರೆಟರಿ ನೀಲಕಂಠಪ್ಪನವರು ಧೋತರ ಎತ್ತಿ ಕಟ್ಟಿ, ಕ್ವಾರಿಯ ಹಿಂದಿನ ಹಳೇ ಹೊಂಗೆಯ ತನಕ ನಡೆದು, ಎರಡು ಬೆರಳಿನಲ್ಲಿ ಡಾಲ್ಡಾ ಡಬ್ಬಿ ಹಿಡಿದು ತಿರುಗಿ ಬಂದದ್ದನ್ನು ಇಡೀ ಬಿಲ್ಡಿಂಗ್ ಗ್ಯಾಲರಿಯಲ್ಲಿ ನಿಂತು ನೋಡಿತು. ಹನ್ನೆರಡು ಗಿಡ, ಹನ್ನೆರಡು ಹಿಡಿ. ಭಾಗವ್ವ ಹಿಂದೆ ಹಿಂದೆ ನಡೆದು, "ಇನ್ನಷ್ಟ ಹಾಕ್ರಿ, ಮದುವಿ ಅಕ್ಕಿಕಾಳಿನಂಗ ಉದುರಸಬ್ಯಾಡ್ರಿ," ಎನ್ನುತ್ತಿದ್ದಳು.

ಇದು ಆಗಿ ಆರು ವರ್ಷ. ಗೇಟಿನ ಹನ್ನೆರಡೂ ಈಗ ಎರಡನೇ ಮಹಡಿಯ ಕಿಟಕಿಗೆ ಬಂದಿವೆ. ನೀಲಕಂಠಪ್ಪನವರು ಬಂದವರಿಗೆಲ್ಲ ತೋರಿಸಿ, "ಸೈಂಟಿಫಿಕ್ ಪದ್ಧತಿ," ಎನ್ನುತ್ತಾರೆ. ಅವರ ಗ್ಯಾಲರಿಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಒಂದು ಡಬ್ಬಿ ಇದೆ ಎಂಬ ಸುದ್ದಿಯೂ ಇದೆ. ಭಾಗವ್ವನ ಪಂಪ್ ರೂಮಿನ ಕೀಲಿ ಈಗ ಸೆರಗಿನಲ್ಲಿಲ್ಲ, ಬಾಗಿಲ ಪಕ್ಕದ ಮೊಳೆಗೆ ತೂಗುತ್ತದೆ. ಅದನ್ನು ಯಾರೂ ತಿರುಗಿ ಕೇಳುವವರಿಲ್ಲ ಎಂದು ಗೊತ್ತಾದ ಮೇಲೆ ಅವಳು ಕಟ್ಟಿಕೊಳ್ಳುವುದನ್ನು ಬಿಟ್ಟಳು.

ಈ ಮಳೆಗಾಲದಲ್ಲಿ ಪಕ್ಕದ ಹೊಸ ಬಿಲ್ಡಿಂಗಿನವರು ಗಿಡ ನೆಡಲು ಅವಳನ್ನು ಕರೆದಿದ್ದಾರೆ. ನಿನ್ನೆ ಅಕ್ಕು ಡಬ್ಬಿ ಹಿಡಿದು ಅವಳ ಜೊತೆ ಹೊರಟಳು. ಒಂಬತ್ತು ವರ್ಷದ ಹುಡುಗಿ, ಕಾಲಲ್ಲಿ ಚಪ್ಪಲಿಯಿಲ್ಲ. ನಾನು ಗ್ಯಾಲರಿಯಿಂದ ಬಗ್ಗಿ, ಚಪ್ಪಲಿ ಹಾಕು, ಕೊಡೆ ತಗೋ, ಬಂದ ಕೂಡಲೇ ಸೋಪು ಹಚ್ಚಿ ಕೈ ತೊಳಕೋ ಎಂದು ಕೂಗಿದೆ.

ಭಾಗವ್ವ ತಲೆಯೆತ್ತಿ ನೋಡಿದಳು.

"ತೊಳಸ್ರಿ ತಂಗೀ, ತೊಳಸ್ರಿ. ಇಷ್ಟ ತೊಳದರೂ ಆಕಿ ಹಳದಿ ಆಗಲಿಲ್ಲಲ್ಲ, ಅದು ನನ್ನ ಡಬ್ಬಿ ಮುಟ್ಟಿದ್ದಕ್ಕ."